ಮಸೂರವನ್ನು ಕೊಳ್ಳುವ ಮುನ್ನ

ಈ ಪುಟಗಳನ್ನು ಓದಲು ಕುಳಿತಾಗ ಕೈಯಲ್ಲಿ ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು. ಹಗಲು ಹೊತ್ತಿನಲ್ಲಿ ಕೋಣೆಯ ಒಂದು ಕಿಟಕಿಯನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚಿ. ಕಿಟಕಿಗೆ ಎದುರಾದ ಗೋಡೆಯ ಹತ್ತಿರ ಭೂತಗನ್ನಡಿಯನ್ನು ಹಿಡಿದು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಸರಿಸಿ. ಒಂದು ಜಾಗದಲ್ಲಿ ಹೊರಗಿನ ತೆಂಗಿನ ಮರ, ಆಕಾಶ, ಎದುರು ಮನೆಯ ಹೆಂಚು ಎಲ್ಲವೂ ಬಣ್ಣಸಮೇತ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತವೆ. ಆಗ ಗೋಡೆಗೂ ಗಾಜಿಗೂ ಇರುವ ದೂರವನ್ನು ಸ್ಕೇಲಿನಿಂದ ಅಳೆಯಿರಿ. ಅದೇ ಹೆಚ್ಚುಕಡಿಮೆ ಆ ಪೀನಮಸೂರದ ಸಂಗಮದೂರ. ಕ್ಯಾಮೆರಾದವರು ಇದನ್ನೇ ಫೋಕಲ್ ಲೆಂತ್ ಎನ್ನುತ್ತಾರೆ.

ಗೋಡೆಯ ಜಾಗದಲ್ಲಿ ಫಿಲ್ಮನ್ನೋ ಡಿಜಿಟಲ್ ಸಂವೇದಕವನ್ನೋ ಇಟ್ಟರೆ ಅದು ಕ್ಯಾಮೆರಾ. ಹಾಗಾದರೆ ಭೂತಗನ್ನಡಿ ಅಗ್ಗವಾಗಿ ಸಿಗುವಾಗ ಲೆನ್ಸ್‌ಗೆ ಸಾವಿರಾರು ರೂಪಾಯಿ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಗೋಡೆಯ ಮೇಲೆಯೇ ಇದೆ. ಬಿಂಬದ ನಡುಭಾಗ ಚೊಕ್ಕಟವಾಗಿದ್ದರೂ ಅಂಚುಗಳು ಮಸುಕಾಗಿವೆ. ಕೊಂಬೆಗಳ ಸುತ್ತ ಬಣ್ಣದ ಗೆರೆಗಳು ಕಾಣುತ್ತವೆ. ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ಬಾಗುವುದರಿಂದ ಎರಡೂ ಒಂದೇ ಜಾಗದಲ್ಲಿ ಕೂಡುವುದಿಲ್ಲ. ಇಂಥ ದೋಷಗಳನ್ನು ಸರಿಪಡಿಸಲು ಬೇರೆ ಬೇರೆ ಬಗೆಯ ಗಾಜುಗಳ ಪೀನ, ನಿಮ್ನ ಮಸೂರಗಳನ್ನು ಒಂದರ ಹಿಂದೊಂದು ಜೋಡಿಸಬೇಕಾಗುತ್ತದೆ.

1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕಾಚಾರದಿಂದಲೇ ನಾಲ್ಕು ಮಸೂರಗಳ ಭಾವಚಿತ್ರ ಲೆನ್ಸೊಂದನ್ನು ರೂಪಿಸಿದ. ಅದುವರೆಗೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿದ್ದವರು ಅನಂತರ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಕುಳಿತರೆ ಸಾಕಾಯಿತು. ಆದರೆ ಗಾಜು ಹೆಚ್ಚಿದಂತೆ ಇನ್ನೊಂದು ತೊಂದರೆ ಹುಟ್ಟಿತು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡ 4 ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಭಾಗ ಬೆಳಕು ನಷ್ಟ. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದ ತೆಳು ಲೇಪನ ಇದಕ್ಕೆ ಪರಿಹಾರವಾಯಿತು. ಲೆನ್ಸನ್ನು ಓರೆಯಾಗಿ ಹಿಡಿದಾಗ ಕಾಣುವ ನೇರಳೆ, ಹಸಿರು ಹೊಳಪು ಇಂಥ ಲೇಪನದ್ದೇ.

ಲೆನ್ಸ್ ಮೇಲಿನ ಎರಡು ಸಂಖ್ಯೆಗಳು

ಲೆನ್ಸಿನ ಮೂತಿಯ ಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಮಿಲಿಮೀಟರಿನಲ್ಲಿ ಬರೆದದ್ದು ಸಂಗಮದೂರ. ಇದು ಕಡಿಮೆಯಾದಷ್ಟೂ ಹೆಚ್ಚು ವಿಶಾಲವಾದ ನೋಟ ಚೌಕಟ್ಟಿನೊಳಗೆ ಬರುತ್ತದೆ. ಹೆಚ್ಚಿದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. 36×24 ಮಿ.ಮೀ. ಅಳತೆಯ ಪೂರ್ಣ ಚೌಕಟ್ಟಿಗೆ 50 ಮಿ.ಮೀ. ಲೆನ್ಸನ್ನು 'ಸಾಮಾನ್ಯ' ಲೆನ್ಸ್ ಎನ್ನುವುದು ವಾಡಿಕೆ. ವಿದ್ಯಾರ್ಥಿಗಳು ಕೊಳ್ಳುವ ಹಲವು ಕ್ಯಾಮೆರಾಗಳ ಸಂವೇದಕ ಇದಕ್ಕಿಂತ ಚಿಕ್ಕದು, ಸುಮಾರು 24×16 ಮಿ.ಮೀ. ಅಲ್ಲಿ 50 ಮಿ.ಮೀ. ಲೆನ್ಸ್ ಪೂರ್ಣ ಚೌಕಟ್ಟಿನ 75 ಮಿ.ಮೀ. ಲೆನ್ಸಿನಷ್ಟೇ ಕಿರಿದಾದ ನೋಟ ಕೊಡುತ್ತದೆ.

ಎರಡನೆಯದು ಎಫ್ ಸಂಖ್ಯೆ. ಸಂಗಮದೂರವನ್ನು ಬೆಳಕು ಹೊಗುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಇದು ಬರುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ 25 ಮಿ.ಮೀ. ರಂಧ್ರವಿದ್ದರೆ ಅದು ಎಫ್ 2. ಭಾಗಾಕಾರವಾದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. 1.4, 2, 2.8, 4, 5.6, 8, 11, 16 ಎಂಬ ಸಾಲಿನಲ್ಲಿ ಒಂದೊಂದು ಮೆಟ್ಟಿಲು ಮುಂದೆ ಹೋದಾಗಲೂ ಬೆಳಕು ಅರ್ಧಕ್ಕಿಳಿಯುತ್ತದೆ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ.

ಯಕ್ಷಗಾನದ ಒಂದು ರಾತ್ರಿ

ಈ ಲೆಕ್ಕ ಉಪಯೋಗಕ್ಕೆ ಬರುವ ಸಂದರ್ಭವೊಂದನ್ನು ನೋಡೋಣ. ಕ್ಯಾಮೆರಾ ಜೊತೆಯಲ್ಲೇ ಸಿಗುವ 18-55 ಮಿ.ಮೀ. ಜೂಮ್ ಲೆನ್ಸನ್ನು ತೆಗೆದುಕೊಂಡು ನೀವು ಯಕ್ಷಗಾನ ಬಯಲಾಟಕ್ಕೆ ಹೋಗಿದ್ದೀರಿ. ಜೂಮನ್ನು ಪೂರ್ತಿ ಮುಂದೆ ಚಾಚಿದಾಗ ಅದರ ಅತಿ ದೊಡ್ಡ ರಂಧ್ರ ಸಾಮಾನ್ಯವಾಗಿ ಎಫ್ 5.6. ಆ ದೀಪದ ಬೆಳಕಿಗೆ ಷಟರ್ ಸೆಕೆಂಡಿನ 20ನೆಯ ಒಂದು ಭಾಗ ತೆರೆದಿರಬೇಕು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ವೇಷಧಾರಿ ಗಿರಕಿ ಹೊಡೆದಿರುತ್ತಾನೆ. ಚಿತ್ರದಲ್ಲಿ ಉಳಿಯುವುದು ಬಣ್ಣದ ಮಬ್ಬು. ಎಫ್ 1.8ರ 50 ಮಿ.ಮೀ. ಲೆನ್ಸ್ ಇದ್ದರೆ ಸುಮಾರು ಒಂಬತ್ತೂವರೆ ಪಟ್ಟು ಹೆಚ್ಚು ಬೆಳಕು ಒಳಗೆ ಬರುತ್ತದೆ. ಆಗ ಸೆಕೆಂಡಿನ 200ನೆಯ ಒಂದು ಭಾಗದ ಹತ್ತಿರ ಹೋಗಬಹುದು. ಕಿರೀಟದ ಮಣಿಗಳೂ ಸ್ಪಷ್ಟವಾಗಿ ಮೂಡುತ್ತವೆ.

ಇದಕ್ಕೂ ಒಂದು ಬೆಲೆ ಇದೆ. ಚಿಕ್ಕ ಸಂವೇದಕದ ಕ್ಯಾಮೆರಾದಲ್ಲಿ ಎರಡು ಮೀಟರ್ ದೂರದ ವ್ಯಕ್ತಿಯನ್ನು ಎಫ್ 1.8ರಲ್ಲಿ ತೆಗೆದರೆ ಹಿಂದೆಮುಂದೆ ಸೇರಿ ಸುಮಾರು 12 ಸೆಂಟಿಮೀಟರ್ ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ಎಫ್ 8ಕ್ಕೆ ಹೋದರೆ ಈ ಆಳ ಸುಮಾರು ಅರ್ಧ ಮೀಟರ್. ಆದ್ದರಿಂದ ರಂಧ್ರ ದೊಡ್ಡದಿದ್ದಾಗ ಫೋಕಸ್ ಕಣ್ಣಿನ ಮೇಲೆಯೇ ಕೂರಬೇಕು. ಹಾಗೆಂದು ಯಾವಾಗಲೂ ಎಫ್ 16, 22 ಇಟ್ಟುಕೊಳ್ಳುವುದೂ ಸರಿಯಲ್ಲ. ತೀರ ಸಣ್ಣ ರಂಧ್ರದಲ್ಲಿ ಬೆಳಕು ವಿವರ್ತನೆಗೊಳಗಾಗಿ ಇಡೀ ಚಿತ್ರ ಸ್ವಲ್ಪ ಮೃದುವಾಗುತ್ತದೆ. ಹಲವು ಲೆನ್ಸ್‌ಗಳು ಎಫ್ 5.6ರಿಂದ 8ರ ಆಸುಪಾಸಿನಲ್ಲಿ ತಮ್ಮ ಅತ್ಯುತ್ತಮ ಕೆಲಸ ಮಾಡುತ್ತವೆ.

ಹಕ್ಕಿಗಳ ಬಳಿಗೆ

ಇನ್ನು ರಂಗನತಿಟ್ಟಿಗೆ ಹೋಗೋಣ. ಸುಮಾರು 90 ಸೆಂ.ಮೀ. ಎತ್ತರದ ಬಣ್ಣದ ಕೊಕ್ಕರೆ 30 ಮೀಟರ್ ದೂರದ ಬಂಡೆಯ ಮೇಲೆ ನಿಂತಿದೆ. ಎತ್ತರವನ್ನು ಸಂಗಮದೂರದಿಂದ ಗುಣಿಸಿ ದೂರದಿಂದ ಭಾಗಿಸಿದರೆ ಬಿಂಬದ ಎತ್ತರ ಸಿಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಅದು ಕೇವಲ 1.5 ಮಿ.ಮೀ. 300 ಮಿ.ಮೀ. ಲೆನ್ಸಿನಲ್ಲಿ 9 ಮಿ.ಮೀ., ಅಂದರೆ 16 ಮಿ.ಮೀ. ಎತ್ತರದ ಸಂವೇದಕದ ಅರ್ಧಕ್ಕೂ ಹೆಚ್ಚು. ಹಕ್ಕಿಗಳಿಗೆ ಉದ್ದ ಲೆನ್ಸ್ ಏಕೆ ಬೇಕೆಂಬುದು ಈ ಒಂದು ಲೆಕ್ಕದಿಂದಲೇ ತಿಳಿಯುತ್ತದೆ.

ಆದರೆ ಲೆನ್ಸ್ ಬಿಂಬವನ್ನು ಹಿಗ್ಗಿಸುವಾಗ ಕೈನಡುಕವನ್ನೂ ಹಿಗ್ಗಿಸುತ್ತದೆ. ಷಟರ್ ವೇಗದ ಛೇದ ಸಂಗಮದೂರಕ್ಕಿಂತ ಕಡಿಮೆ ಇರಬಾರದೆಂಬುದು ಹಳೆಯ ಸೂತ್ರ. ಚಿಕ್ಕ ಸಂವೇದಕಕ್ಕೆ 300ನ್ನು 1.5ರಿಂದ ಗುಣಿಸಿ 450 ಎಂದು ಎಣಿಸಿ; ಅಂದರೆ ಸೆಕೆಂಡಿನ 500ನೆಯ ಒಂದು ಭಾಗ. ಕಂಪನ ತಡೆಯುವ ವ್ಯವಸ್ಥೆ ಲೆನ್ಸಿನಲ್ಲಿದ್ದರೆ ಕೈನಡುಕ ತಗ್ಗುತ್ತದೆ, ನಿಜ. ಆದರೆ ಅದು ಹಕ್ಕಿಯ ರೆಕ್ಕೆಬಡಿತವನ್ನು ನಿಲ್ಲಿಸಲಾರದು. ದೃಗ್‌ಯಂತ್ರದ ಮೂಲಕ ನೋಡುವ ಕ್ಯಾಮೆರಾ ಆಗಿದ್ದರೆ ಉದ್ದ ಲೆನ್ಸನ್ನು ಸೂರ್ಯನತ್ತ ತಿರುಗಿಸಿ ಎಂದಿಗೂ ಕಣ್ಣಿಡಬೇಡಿ. ಭೂತಗನ್ನಡಿ ಕಾಗದವನ್ನು ಸುಡುವುದನ್ನು ನೀವು ಕಂಡಿದ್ದೀರಿ.

ಉದ್ದ ಲೆನ್ಸ್ ಇಲ್ಲವೆಂದು ಹಕ್ಕಿಗಳ ಆಸೆ ಬಿಡಬೇಕಿಲ್ಲ. ದೂರ ಅರ್ಧವಾದರೆ ಬಿಂಬ ಎರಡು ಪಟ್ಟು ಎಂಬುದೂ ಅದೇ ಲೆಕ್ಕದಲ್ಲಿದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮುಂತಾದವರು ಫಿಲ್ಮ್ ಕಾಲದಲ್ಲೇ ಹಕ್ಕಿಗಳ ಅಪರೂಪದ ಚಿತ್ರಗಳನ್ನು ತೆಗೆದರು. ಅವರ ಬಳಿ ಉಪಕರಣದಷ್ಟೇ ಹಕ್ಕಿಯ ಸ್ವಭಾವದ ಅರಿವೂ ತಾಳ್ಮೆಯೂ ಇದ್ದವು. ಆದರೆ ಗೂಡಿನ ಹತ್ತಿರ ಹೋಗುವುದು, ಗೂಡಿನ ಮರೆಯ ಕೊಂಬೆಗಳನ್ನು ಸರಿಸುವುದು ಮಾತ್ರ ಕೂಡದು. ಚಿತ್ರಕ್ಕಿಂತ ಮರಿ ದೊಡ್ಡದು.

ಹೊಂದುವ ಲೆನ್ಸ್ ಯಾವುದು?

ಎಲ್ಲ ಲೆನ್ಸ್ ಎಲ್ಲ ಕ್ಯಾಮೆರಾಕ್ಕೂ ಕೂರುವುದಿಲ್ಲ. ಒಂದೊಂದು ಕಂಪನಿಗೂ ತನ್ನದೇ ಆದ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ ಇದೆ. ನಿಕಾನ್ ಎಫ್ ಮೌಂಟ್ 1959ರಲ್ಲಿ ಬಂತು, ಕ್ಯಾನನ್ ಇಎಫ್ 1987ರಲ್ಲಿ. ಕನ್ನಡಿಯಿಲ್ಲದ ಕ್ಯಾಮೆರಾಗಳಿಗಾಗಿ ಸೋನಿ 2010ರಲ್ಲಿ ಇ ಮೌಂಟನ್ನು, ನಿಕಾನ್ ಮತ್ತು ಕ್ಯಾನನ್ 2018ರಲ್ಲಿ ಝಡ್ ಮತ್ತು ಆರ್‌ಎಫ್ ಮೌಂಟ್‌ಗಳನ್ನು ತಂದವು. ನಿಕಾನ್ ಎಫ್‌ನಲ್ಲಿ ಮೌಂಟಿನಿಂದ ಸಂವೇದಕಕ್ಕೆ 46.5 ಮಿ.ಮೀ. ದೂರ; ಸೋನಿ ಇ ಮೌಂಟಿನಲ್ಲಿ 18 ಮಿ.ಮೀ. ಮಾತ್ರ. ಆದ್ದರಿಂದ ನಡುವೆ ಒಂದು ಉಂಗುರ ಜೋಡಿಸಿ ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕಬಹುದು. ಹೊಸದನ್ನು ಹಳೆಯದಕ್ಕೆ ಹಾಕಲಾಗದು.

ಕೂತರೆ ಸಾಲದು, ಕೆಲಸವನ್ನೂ ಮಾಡಬೇಕು. ನಿಕಾನ್‌ನ ಡಿ3500, ಡಿ5600ರಂಥ ಕ್ಯಾಮೆರಾಗಳ ಒಡಲಿನಲ್ಲಿ ಫೋಕಸ್ ಮೋಟಾರು ಇಲ್ಲ. ಎಎಫ್-ಡಿ ಗುರುತಿನ ಹಳೆಯ ಲೆನ್ಸ್ ಅವುಗಳ ಮೇಲೆ ಕೂರುತ್ತದೆ, ಆದರೆ ತಾನಾಗಿ ಫೋಕಸ್ ಆಗುವುದಿಲ್ಲ. ಕೊಳ್ಳುವ ಮುನ್ನ ನಿಮ್ಮ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದು ಲೆನ್ಸ್ ಹಾಕಿ ನೋಡುವುದು ಜಾಣತನ.

ಹಳೆಯ ಲೆನ್ಸ್ ಕೊಳ್ಳುವಾಗ

ಇಲ್ಲಿ ನನ್ನದೇ ಒಂದು ಪಾಠ ಹೇಳಬೇಕು. ಫಿಲ್ಮ್ ಕಾಲದಲ್ಲಿ ಕಾಲೇಜು ಓದುತ್ತಿದ್ದಾಗ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಒಂದು ಅಂಗಡಿಯಲ್ಲಿ 135 ಮಿ.ಮೀ.ನ ಹಳೆಯ ಲೆನ್ಸ್ ಕೊಂಡೆ. ಹೊರಮೈ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ನೋಡಿ ಮರುಳಾದೆ. ನಮ್ಮೂರಿನ ಹಿರಿಯ ಕಲಾವಿದರೊಬ್ಬರು ಆ ವರ್ಷ ಕೊನೆಯ ಬಾರಿ ವೇಷ ಕಟ್ಟಿದ್ದರು. ಒಂದಿಡೀ ರೋಲ್ ತೆಗೆದೆ. ತೊಳೆದು ಬಂದ ಚಿತ್ರಗಳಲ್ಲಿ ಪ್ರತಿಯೊಂದು ದೀಪದ ಸುತ್ತಲೂ ಹೊಗೆ ಕವಿದಂತಿತ್ತು, ಮುಖ ಮಂಜಿನೊಳಗಿನಂತೆ ಮಸುಕು. ಲೆನ್ಸಿನ ಒಳಗಾಜಿನ ಮೇಲೆ ಬೂಷ್ಟು ಹಬ್ಬಿತ್ತು. ಮಾರಿದ ಮಾಲು ವಾಪಸಿಲ್ಲ ಎಂದರು. ಹಣ ಹೋದದ್ದನ್ನು ಮರೆತೆ. ಆದರೆ ಆ ಹಿರಿಯರು ಗೆಜ್ಜೆ ಬಿಚ್ಚಿದ ಮೇಲೆ ಆ ಚಿತ್ರವನ್ನು ಮತ್ತೆ ತೆಗೆಯುವ ಅವಕಾಶ ಬರಲೇ ಇಲ್ಲ. ಲೆನ್ಸಿನ ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿದ್ದರೆ ಅರೆನಿಮಿಷದಲ್ಲಿ ತಿಳಿಯುತ್ತಿತ್ತು.

ನೀವು ಹೀಗೆ ಪರೀಕ್ಷಿಸಿ. ಟಾರ್ಚಿನ ಬೆಳಕಿನಲ್ಲಿ ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು; ಬೇಡವೆನ್ನಿ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ರಂಧ್ರದ ಅಲಗುಗಳ ಮೇಲೆ ಎಣ್ಣೆ ಇರಬಾರದು. ಅವು ಚುರುಕಾಗಿ ಮುಚ್ಚಿ ತೆರೆಯಬೇಕು. ಫೋಕಸ್ ಉಂಗುರ ಎಲ್ಲಿಯೂ ಸಿಕ್ಕಿಕೊಳ್ಳದೆ ತಿರುಗಬೇಕು. ಮುಂಭಾಗದ ಸುತ್ತು ನಗ್ಗಿದ್ದರೆ ಲೆನ್ಸ್ ಬಿದ್ದಿರಬಹುದು. ಕೊನೆಗೆ ಗೋಡೆಗೆ ಅಂಟಿಸಿದ ದಿನಪತ್ರಿಕೆಯನ್ನು ನೇರವಾಗಿ ನಿಂತು ಅತಿ ದೊಡ್ಡ ರಂಧ್ರದಲ್ಲೊಮ್ಮೆ, ಎಫ್ 8ರಲ್ಲೊಮ್ಮೆ ತೆಗೆಯಿರಿ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಬಹಳ ಮಸುಕಾಗಿದ್ದರೆ ಒಳಗಿನ ಗಾಜು ವಾಲಿರಬಹುದೆಂದು ಅನುಮಾನಿಸಿ.

ಮಳೆಗಾಲದ ಆರೈಕೆ

ಕರಾವಳಿ, ಮಲೆನಾಡಿನವರು ಬೂಷ್ಟಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ತೇವ, ಕತ್ತಲೆ, ನಿಂತ ಗಾಳಿ ಇವು ಅದಕ್ಕೆ ಪ್ರಿಯ. ಲೆನ್ಸನ್ನು ತೊಗಲಿನ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟು ಮಳೆಗಾಲವಿಡೀ ಮರೆಯುವುದಕ್ಕಿಂತ ದೊಡ್ಡ ತಪ್ಪಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ. ಒಳಗಿನ ಆರ್ದ್ರತೆ ಶೇಕಡ 40ರಿಂದ 50ರಷ್ಟಿದ್ದರೆ ಸಾಕು. ನೀಲಿ ಬಣ್ಣದ ಜೆಲ್ ತೇವ ಹೀರಿ ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಆ ಬಣ್ಣದ ರಾಸಾಯನಿಕ ವಿಷಕಾರಿಯಾದ್ದರಿಂದ ಅಡುಗೆ ಪಾತ್ರೆಯಲ್ಲಿ ಮಾತ್ರ ಕಾಯಿಸಬೇಡಿ.

ಗಾಜಿನ ಮೇಲೆ ಧೂಳು ಕುಳಿತರೆ ಮೊದಲು ರಬ್ಬರ್ ಗಾಳಿಬುರುಡೆಯಿಂದ ಊದಿ. ಆಮೇಲೂ ಕಲೆ ಉಳಿದರೆ ಲೆನ್ಸಿನ ದ್ರವವನ್ನು ಮೆದುಬಟ್ಟೆಗೆ ಹನಿಸಿ ನಡುವಿನಿಂದ ಅಂಚಿನತ್ತ ಒರಸಿ. ಅಂಗಿಯ ಚುಂಗು, ಬಾಯಿಯ ಉಗುಳು ಎರಡೂ ಬೇಡ.

ಮೊದಲ ಲೆನ್ಸ್

ಹಾಗಾದರೆ ಮೊದಲು ಯಾವುದನ್ನು ಕೊಳ್ಳಬೇಕು? ಕೊಳ್ಳುವ ಮುನ್ನ ಈಗಿರುವ ಜೂಮ್ ಲೆನ್ಸಿನಲ್ಲಿ ಒಂದು ತಿಂಗಳು ಚಿತ್ರ ತೆಗೆದು, ಪ್ರತಿ ಚಿತ್ರದ ಸಂಗಮದೂರವನ್ನೂ ಎಫ್ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಡಿಜಿಟಲ್ ಕ್ಯಾಮೆರಾ ಈ ವಿವರಗಳನ್ನು ತಾನೇ ದಾಖಲಿಸಿರುತ್ತದೆ. ಬೆಳಕು ಸಾಲದೆ ಕೆಟ್ಟ ಚಿತ್ರಗಳು ಹೆಚ್ಚಿದ್ದರೆ 35 ಅಥವಾ 50 ಮಿ.ಮೀ.ನ ಎಫ್ 1.8 ಲೆನ್ಸ್ ನಿಮಗೆ ಬೇಕು. ಎಲ್ಲವೂ 55ಕ್ಕೆ ಬಂದು ನಿಂತು ಇನ್ನೂ ಸಾಲದಾಗಿದ್ದರೆ ಉದ್ದ ಲೆನ್ಸ್. ಎರಡೂ ಅಲ್ಲವಾದರೆ ಹಣ ಜೇಬಿನಲ್ಲೇ ಇರಲಿ. ಆ ಪುಸ್ತಕ ಅಂಗಡಿಯವರಿಗಿಂತ, ಗೆಳೆಯರಿಗಿಂತ ಪ್ರಾಮಾಣಿಕವಾದ ಸಲಹೆಗಾರ. ಇವತ್ತಿನಿಂದಲೇ ಬರೆಯಲು ತೊಡಗಿ.