ಕುದುರೆ ಮರಿಗೆ ಕಡ್ಡಾಯ, ಮಗುವಿಗೆ ಕೊನೆಯ ದಾರಿ

ಕೊತ್ತಗೆರೆ ಹೋಬಳಿಯವರು ತಾಲ್ಲೂಕು ಕಚೇರಿ ಕೆಲಸಕ್ಕೆಂದು ಕುಣಿಗಲ್ಲಿಗೆ ಬಂದರೆ ಊರಿಗೆ ಅಂಟಿಕೊಂಡಿರುವ ಕುದುರೆ ಫಾರಂ ಕಣ್ಣಿಗೆ ಬೀಳದೆ ಇರದು. ನಾನೂರು ಎಕರೆಗೂ ಮಿಕ್ಕಿದ ಈ ಜಾಗದಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದರು. ಆಮೇಲೆ ಅದು ರೇಸ್ ಕುದುರೆಗಳ ತವರಾಯಿತು. ಅಪ್ಪ ಯಾರು ಎಂಬ ಪ್ರಶ್ನೆಗೆ ಡಿಎನ್‌ಎ ಹೇಗೆ ಉತ್ತರ ಕೊಡುತ್ತದೆ ಎಂದು ತಿಳಿಯಲು ಇಲ್ಲಿಂದಲೇ ಶುರು ಮಾಡಬಹುದು. ಕುದುರೆ ಮರಿಯ ವಿಷಯದಲ್ಲಿ ಯಾರಿಗೂ ಮುಜುಗರವಿಲ್ಲ, ಕೋರ್ಟೂ ಇಲ್ಲ.

ಜಮೀನಿಗೆ ಪಹಣಿ ಇದ್ದ ಹಾಗೆ ಥರೋಬ್ರೆಡ್ ತಳಿಯ ರೇಸ್ ಕುದುರೆಗೆ ಸ್ಟಡ್ ಬುಕ್. ಅದರಲ್ಲಿ ಹೆಸರು ಏರದ ಕುದುರೆ ಎಷ್ಟೇ ಜೋರಾಗಿ ಓಡಿದರೂ ರೇಸಿಗೆ ಇಳಿಯುವಂತಿಲ್ಲ. ಇಂಗ್ಲೆಂಡಿನಲ್ಲಿ 1791ರಲ್ಲಿ ಮೊದಲು ಅಚ್ಚಾದ ಇಂಥ ಪುಸ್ತಕ ಹೆಚ್ಚುಕಡಿಮೆ ಎರಡು ಶತಮಾನ ಬರೀ ಮಾಲೀಕರ ಮಾತಿನ ಮೇಲೆ ನಡೆಯಿತು. ಈಗ ಹಾಗಲ್ಲ. ಮರಿಯ ಕತ್ತಿನ ಕೂದಲನ್ನು ಬೇರು ಸಮೇತ ಕಿತ್ತೋ ರಕ್ತ ತೆಗೆದೋ ಡಿಎನ್‌ಎ ನೋಡಿ, ತಾಯಿಗೂ ಹೇಳಿದ ತಂದೆಗೂ ಹೊಂದಿದರೆ ಮಾತ್ರ ನೋಂದಣಿ. ಇಷ್ಟು ಬಿಗಿ ಯಾಕೆಂದರೆ ಹೆಸರುವಾಸಿ ಗಂಡು ಕುದುರೆಯ ಮರಿ ಎಂದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಮೊದಲ ಸಲ ಗಬ್ಬ ಕಟ್ಟದ ಹೆಣ್ಣು ಕುದುರೆಯನ್ನು ಅದೇ ಋತುವಿನಲ್ಲಿ ಇನ್ನೊಂದು ಗಂಡಿಗೆ ಕೂಡಿಸುವುದೂ ಉಂಟು. ಹನ್ನೊಂದು ತಿಂಗಳ ಮೇಲೆ ಹುಟ್ಟಿದ ಮರಿ ಯಾರದ್ದೆಂದು ಬಣ್ಣ ನೋಡಿ ಹೇಳಲು ಬಾರದು.

ಪ್ರಯೋಗಾಲಯ ನೋಡುವುದು ಏನನ್ನು? ಡಿಎನ್‌ಎಯ ಕೆಲವು ಕಡೆ ಮೂರು–ನಾಲ್ಕು ಅಕ್ಷರದ ಚಿಕ್ಕ ತುಣುಕೊಂದು, ಉದಾಹರಣೆಗೆ ಜಿ-ಎ-ಟಿ-ಎ, ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು. ಪ್ರತಿಯೊಬ್ಬರಿಗೂ ಅಂಥ ಒಂದು ಜಾಗಕ್ಕೆ ಎರಡು ಸಂಖ್ಯೆ: ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಮಗುವಿನಲ್ಲಿ 11 ಮತ್ತು 14 ಇದೆ, ತಾಯಿಯಲ್ಲಿ 11 ಮತ್ತು 13 ಇದೆ ಎನ್ನಿ. ಹಾಗಾದರೆ 14 ಅಪ್ಪನಿಂದಲೇ ಬರಬೇಕು. ಅಪ್ಪ ಎಂದು ಹೇಳಿದವನಲ್ಲಿ 12 ಮತ್ತು 15 ಇದ್ದರೆ ಅಲ್ಲಿ ತಾಳೆಯಾಗಲಿಲ್ಲ. ಮನುಷ್ಯರಲ್ಲಿ ಇಂಥ 15ರಿಂದ 24 ಜಾಗಗಳನ್ನು ನೋಡುವುದು ವಾಡಿಕೆ. ಒಂದು ಕಡೆ ತಪ್ಪಿದರೆ ಅದು ವೀರ್ಯ ಇಲ್ಲವೆ ಅಂಡಾಣು ತಯಾರಾಗುವಾಗ ಆದ ಸಹಜ ಬದಲಾವಣೆಯೂ ಇರಬಹುದು. ಹಲವು ಕಡೆ ತಪ್ಪಿದರೆ ಅವನು ಅಪ್ಪನಲ್ಲ, ಅಷ್ಟೇ. ಎಲ್ಲ ಕಡೆ ಕೂಡಿ ಬಂದರೆ ವರದಿಯಲ್ಲಿ ಶೇಕಡಾ 99.99ಕ್ಕಿಂತ ಹೆಚ್ಚು ಸಂಭವ ಎಂದು ಬರೆಯುತ್ತಾರೆ. ಅಲ್ಲ ಎನ್ನುವುದು ಖಚಿತ, ಹೌದು ಎನ್ನುವುದು ಲೆಕ್ಕ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಡಿಎನ್‌ಎ ಪರೀಕ್ಷೆಗೂ ಮೊದಲು ರಕ್ತದ ಗುಂಪೇ ಗತಿಯಾಗಿತ್ತು. ಅದರಿಂದ ಕೆಲವರನ್ನು ಅಲ್ಲ ಎಂದು ತಳ್ಳಬಹುದಿತ್ತು, ಹೌದು ಎನ್ನಲು ಆಗುತ್ತಿರಲಿಲ್ಲ. ತಳ್ಳಿದರೂ ಕೋರ್ಟು ಕೇಳಬೇಕಲ್ಲ! ಹಾಸ್ಯನಟ ಚಾರ್ಲಿ ಚಾಪ್ಲಿನ್ ಮೇಲಿನ ಪಿತೃತ್ವದ ಮೊಕದ್ದಮೆಯಲ್ಲಿ ಅವನದು ಓ ಗುಂಪು, ತಾಯಿಯದು ಎ, ಮಗುವಿನದು ಬಿ. ಎ ಮತ್ತು ಓ ಸೇರಿ ಬಿ ಹುಟ್ಟುವುದಿಲ್ಲ. ಆದರೂ 1945ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಅವನೇ ಅಪ್ಪ ಎಂದಿತು.

1984ರ ಸೆಪ್ಟೆಂಬರ್ 10ರಂದು ಇಂಗ್ಲೆಂಡಿನ ಲೆಸ್ಟರಿನಲ್ಲಿ ವಿಜ್ಞಾನಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಕೊಂಡರು. ಮರುವರ್ಷ ಅದು ಮೊದಲು ಬಳಕೆಗೆ ಬಂದದ್ದು ಕೊಲೆ ಪತ್ತೆಗಲ್ಲ. ಘಾನಾದಿಂದ ಹಿಂತಿರುಗಿದ ಹುಡುಗನೊಬ್ಬನನ್ನು ಬ್ರಿಟನ್ನಿನ ವಲಸೆ ಅಧಿಕಾರಿಗಳು ನಂಬದೆ ತಡೆದಿದ್ದರು. ಅವನು ಆ ತಾಯಿಯ ಮಗನೇ ಎಂದು ತೋರಿಸಿ ಮನೆ ಸೇರಿಸಿದ್ದು ಈ ಪರೀಕ್ಷೆ. ನಮ್ಮಲ್ಲಿ ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಲಾಲ್‌ಜಿ ಸಿಂಗ್ ಪಟ್ಟೆ ಕಟ್ಟುಹಾವಿನ ಡಿಎನ್‌ಎಯಿಂದ ಸ್ವಂತ ವಿಧಾನವೊಂದನ್ನು ಬೆಳೆಸಿದರು. ಅದರಲ್ಲಿ ಇದ್ದದ್ದೂ ಆ ಜಿ-ಎ-ಟಿ-ಎ ಸಾಲುಗಳೇ. ಭಾರತದ ನ್ಯಾಯಾಲಯದಲ್ಲಿ ಡಿಎನ್‌ಎ ಮೊದಲು ಸಾಕ್ಷಿ ಹೇಳಿದ್ದು ಕೇರಳದ ತಲಶೇರಿಯಲ್ಲಿ, 1989ರಲ್ಲಿ. ಮಗುವಿನ ಜೀವನಾಂಶಕ್ಕಾಗಿ ತಾಯಿಯೊಬ್ಬಳು ಹಾಕಿದ ಕೇಸು. ತಾನು ಅಪ್ಪನಲ್ಲ ಎಂದವನೇ ಅಪ್ಪ ಎಂದು ಪರೀಕ್ಷೆ ತೋರಿಸಿತು, 1991ರಲ್ಲಿ ಕೇರಳ ಹೈಕೋರ್ಟೂ ಒಪ್ಪಿತು.

ಈ ಪರೀಕ್ಷೆ ಎಂದರೆ ಸಂಶಯದ ಗಂಡಸಿನ ಆಯುಧ ಎಂಬ ಮಾತಿದೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಮೊದಲ ಎರಡೂ ಪ್ರಕರಣಗಳಲ್ಲಿ ಅದನ್ನು ಆಸರೆಯಾಗಿ ಹಿಡಿದದ್ದು ತಾಯಂದಿರು.

ಕುಣಿಗಲ್ಲಿನ ಮೇಲೆ ಹಾದುಹೋಗುವ ಹೆದ್ದಾರಿಯ ಆ ತುದಿಯಲ್ಲಿ ಮಂಗಳೂರಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿನ ಬಜ್ಪೆ ನಿಲ್ದಾಣದಲ್ಲಿ ಓಡುದಾರಿ ಮೀರಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳವರೇ ಹೆಚ್ಚು. ಸುಟ್ಟು ಗುರುತು ಸಿಗದ ದೇಹಗಳಿಗೆ ಉಳಿದದ್ದು ಡಿಎನ್‌ಎ ಒಂದೇ. ಇಲ್ಲಿ ಲೆಕ್ಕ ತಿರುಗುಮುರುಗು: ಅಪ್ಪ ಯಾರು ಎನ್ನುವ ಬದಲು, ರಕ್ತ ಕೊಟ್ಟ ಈ ಅಪ್ಪನ ಮಗ ಇವರಲ್ಲಿ ಯಾರು ಎಂಬ ಹುಡುಕಾಟ. ತಂತ್ರ ಅದೇ, ಸಂಖ್ಯೆಗಳೂ ಅವೇ. ಆದರೆ ಕೆಲವು ದೇಹಗಳನ್ನು ಆಗಲೇ ಬಟ್ಟೆ, ಒಡವೆ ನೋಡಿ ಒಯ್ದಾಗಿತ್ತು. ಕೊನೆಗೂ 12 ದೇಹಗಳಿಗೆ ಮನೆ ಸಿಗಲಿಲ್ಲ. ಅವನ್ನು ಕೂಳೂರಿನಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಪರೀಕ್ಷೆ ಎಷ್ಟು ಚೆನ್ನಾಗಿದ್ದರೂ ಹೋಲಿಸಲು ಎರಡೂ ಕಡೆಯ ಮಾದರಿ ಬೇಕು.

ಇನ್ನು ಕೋರ್ಟು. ಕುದುರೆ ಮರಿಗೆ ಕಡ್ಡಾಯವಾದ ಪರೀಕ್ಷೆಯನ್ನು ಮಗುವಿಗೆ ಮಾಡಿಸಲು ನ್ಯಾಯಾಧೀಶರು ಹಿಂದೆಮುಂದೆ ನೋಡುತ್ತಾರೆ. ಮದುವೆ ಊರ್ಜಿತದಲ್ಲಿದ್ದಾಗ, ಅಥವಾ ಅದು ಮುರಿದು 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಇರುವಾಗ, ಹುಟ್ಟಿದ ಮಗು ಗಂಡನದ್ದೇ ಎಂಬುದು ಕಾನೂನು. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಮು, 2024ರ ಜುಲೈಯಿಂದ ಹೊಸ ಅಧಿನಿಯಮದ 116. ಗಂಡ ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಕೇಳಿದ ಕೂಡಲೇ ಪರೀಕ್ಷೆಗೆ ಆದೇಶ ಕೊಡಬಾರದೆಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿತ್ತು. 2014ರಲ್ಲಿ, ವರದಿ ಬಂದು ಅಪ್ಪನಲ್ಲ ಎಂದು ಗೊತ್ತಾದ ಮೇಲೆ ಸತ್ಯವೇ ಮೇಲು ಎಂದು ತೀರ್ಪು ಕೊಟ್ಟಿತು. 2023ರಲ್ಲಿ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರಿದ್ದ ಪೀಠ, ಹೆಂಡತಿಯ ಮೇಲಿನ ಆರೋಪ ಸಾಬೀತುಮಾಡಲು ಮಗುವಿನ ರಕ್ತ ಕೇಳಿದ ಗಂಡನ ಬೇಡಿಕೆಯನ್ನು ತಳ್ಳಿಹಾಕಿತು. ಜಗಳ ಗಂಡ ಹೆಂಡಿರದ್ದು, ಸೂಜಿ ಮಗುವಿಗೆ ಯಾಕೆ? ನನಗೆ ಈ ತೀರ್ಪು ಸರಿ ಎನಿಸುತ್ತದೆ.

ಮನೆಯಲ್ಲೇ ಹತ್ತಿಕಡ್ಡಿಯಿಂದ ಕೆನ್ನೆಯ ಒಳಗೆ ಸವರಿ ಖಾಸಗಿ ಲ್ಯಾಬಿಗೆ ಅಂಚೆಯಲ್ಲಿ ಕಳಿಸಬಹುದು. ಆದರೆ ಆ ಕಡ್ಡಿ ಯಾರದ್ದೆಂದು ಸಾಕ್ಷಿ ಹೇಳುವವರಿಲ್ಲದ ಕಾರಣ ಆಸ್ತಿ, ಜೀವನಾಂಶದ ವ್ಯಾಜ್ಯದಲ್ಲಿ ಅಂಥ ವರದಿ ನಿಲ್ಲುವುದು ಕಷ್ಟ. ಕೋರ್ಟಿನ ಮೂಲಕ ಹೋದರೆ ಗುರುತಿನ ದಾಖಲೆ, ಫೋಟೊ, ಸಹಿ, ಮೊಹರು ಎಲ್ಲ ಇರುತ್ತವೆ. ಅಪ್ಪ ತೀರಿಹೋಗಿದ್ದರೆ, ಮಗು ಗಂಡಾದರೆ, ಚಿಕ್ಕಪ್ಪ ದೊಡ್ಡಪ್ಪನ ವೈ ವರ್ಣತಂತು ನೋಡಬಹುದು. ಅದು ಗಂಡುಸಂತಾನದಲ್ಲಿ ಹೆಚ್ಚುಕಡಿಮೆ ಹಾಗೇ ಇಳಿದು ಬರುತ್ತದೆ. ಅಣ್ಣನೋ ತಮ್ಮನೋ ಎಂದು ಮಾತ್ರ ಅದು ಹೇಳಲಾರದು.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ಪೂರಾ ಹೋಗಿಲ್ಲ. ಅಂಥ ಮನೆಯಲ್ಲಿ ಗಂಡ ಹೆಂಡತಿಯ ಡಿಎನ್‌ಎಯಲ್ಲಿ ಸರಾಸರಿ ಕಾಲು ಭಾಗ ಒಂದೇ. ಅವನು ಮಗುವಿನ ಅಪ್ಪನಲ್ಲದೆ ಹೋದರೂ ಅಜ್ಜಿಯ ತಮ್ಮನಂತೂ ಹೌದು, ಅಲ್ಲೇ ಎಂಟನೇ ಒಂದು ಪಾಲು ಹಂಚಿಕೊಂಡಿರುತ್ತಾನೆ. ತಾಯಿಯ ಮಾದರಿ ಇಲ್ಲದೆ ಮಗು ಮತ್ತು ಗಂಡಸು ಇಬ್ಬರನ್ನೇ ಹೋಲಿಸಿದರೆ ಆಕಸ್ಮಿಕವಾಗಿ ಕೂಡಿ ಬರುವ ಜಾಗಗಳು ಹೆಚ್ಚುತ್ತವೆ, ಹೌದು ಎನ್ನುವ ಲೆಕ್ಕ ಸಡಿಲವಾಗುತ್ತದೆ. ಆದ್ದರಿಂದ ಫಾರಂ ತುಂಬುವಾಗ ಸಂಬಂಧವನ್ನು ಬಿಚ್ಚಿ ಹೇಳಬೇಕು, ತಾಯಿಯ ಮಾದರಿಯನ್ನೂ ಕೊಡಬೇಕು, ಇನ್ನಷ್ಟು ಜಾಗಗಳನ್ನು ನೋಡಿ ಎಂದು ಲ್ಯಾಬಿನವರನ್ನು ಕೇಳಬೇಕು.