ಚುಂಚನಕಟ್ಟೆಯ ಹನಿ, ಕಬಿನಿಯ ಮಟ್ಟ

ಕೊಡಗಿನಲ್ಲಿ ಮಳೆ ಹಿಡಿದರೆ ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿ ಕವಲೊಡೆದು ಧುಮುಕುತ್ತಾಳೆ. ಎತ್ತರ ಸುಮಾರು 20 ಮೀಟರ್. ಅಂಚು ಬಿಟ್ಟ ಒಂದು ಹನಿಯನ್ನು ನೋಡೋಣ. ಗಾಳಿಯ ತಡೆಯನ್ನೂ ಬಂಡೆಯ ಬಡಿತವನ್ನೂ ಬದಿಗಿಟ್ಟರೆ ಅದು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಇಳಿಯುತ್ತದೆ. ಎರಡು ಸೆಕೆಂಡಿಗೆ ಹೆಚ್ಚುಕಡಿಮೆ ತಳ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ 70 ಕಿಲೋಮೀಟರ್.

ಅದೇ ಹೊತ್ತಿನಲ್ಲಿ ಚಂದ್ರನೂ ಬೀಳುತ್ತಿದ್ದಾನೆ. ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಅಡ್ಡಕ್ಕೆ ಓಡುತ್ತಲೇ ಬೀಳುವುದರಿಂದ ನೆಲ ಮುಟ್ಟದೆ ಭೂಮಿಯನ್ನು ಸುತ್ತುತ್ತಾನೆ. ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತಾನೆ? ಭೂಮಿಯ ನಡುಬಿಂದುವಿನಿಂದ ಹನಿ ಒಂದು ಭೂತ್ರಿಜ್ಯ ದೂರದಲ್ಲಿದ್ದರೆ ಚಂದ್ರ 60 ತ್ರಿಜ್ಯ ದೂರದಲ್ಲಿದ್ದಾನೆ. ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕುಗ್ಗುವುದಾದರೆ 4.9 ಮೀಟರನ್ನು 3600ರಿಂದ ಭಾಗಿಸಬೇಕು. ಬರುವುದು ಸುಮಾರು 1.4 ಮಿಲಿಮೀಟರ್, ಒಂದು ರಾಗಿ ಕಾಳಿನಷ್ಟು. 27.3 ದಿನಗಳ ಚಂದ್ರನ ಸುತ್ತಿನಿಂದ ಲೆಕ್ಕ ಹಾಕಿದರೂ ಸಿಗುವುದು ಅದೇ ರಾಗಿ ಕಾಳು! ಗುರುತ್ವದ ವಿಲೋಮ ವರ್ಗ ನಿಯಮಕ್ಕೆ ಇದಕ್ಕಿಂತ ಚೆಲುವಾದ ಪುರಾವೆ ನನಗೆ ಗೊತ್ತಿಲ್ಲ.

ಆದರೆ ದೂರವನ್ನು ನಡುಬಿಂದುವಿನಿಂದಲೇ ಏಕೆ ಅಳೆಯಬೇಕು? ಹನಿಯ ಕಾಲಡಿಯ ಬಂಡೆ ಹತ್ತಿರದಲ್ಲಿದೆ, ಭೂಮಿಯ ಆಚೆ ಮಗ್ಗುಲು ಸಾವಿರಾರು ಕಿಲೋಮೀಟರ್ ದೂರದಲ್ಲಿದೆ, ಎಲ್ಲವೂ ಸೆಳೆಯುತ್ತಿವೆ. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಇದಕ್ಕೆ ಉತ್ತರ ಕೊಟ್ಟ. ಭೂಮಿಯನ್ನು ಈರುಳ್ಳಿಯಂತೆ ಪದರ ಪದರವಾಗಿ ಬಿಡಿಸಿಕೊಳ್ಳಿ. ಒಂದೊಂದು ಗೋಳಪದರವೂ ತನ್ನ ಹೊರಗಿನ ವಸ್ತುವನ್ನು, ತನ್ನ ದ್ರವ್ಯವೆಲ್ಲ ನಡುಬಿಂದುವಿನಲ್ಲೇ ಕೂಡಿಟ್ಟಂತೆ ಸೆಳೆಯುತ್ತದೆ ಎಂದು ಆತ ಸಾಧಿಸಿ ತೋರಿಸಿದ. ಇದಿಲ್ಲದಿದ್ದರೆ ಮೇಲಿನ 60ಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಮುಂದೆ ಲಗ್ರಾಂಜ್, ಲಪ್ಲಾಸ್ ಇನ್ನೊಂದು ದಾರಿ ತೆರೆದರು. ಬಲಕ್ಕೆ ಪ್ರಮಾಣವೂ ಇದೆ, ದಿಕ್ಕೂ ಇದೆ. ಅದರ ಬದಲು ಒಂದೊಂದು ಜಾಗಕ್ಕೂ ಒಂದೇ ಒಂದು ಸಂಖ್ಯೆ ಕೊಟ್ಟರೆ ಸಾಕು. ಅದೇ ಗುರುತ್ವ ವಿಭವ. ಆ ಸಂಖ್ಯೆ ಎತ್ತ ಇಳಿಯುತ್ತದೋ ಅತ್ತ ಸೆಳೆತ. ಇದನ್ನು ಕಣ್ಣಾರೆ ತೋರಿಸುವುದು ನಿಂತ ನೀರು. ಗಾರೆ ಕೆಲಸದವರು ಪೈಪಿನಲ್ಲಿ ನೀರು ತುಂಬಿ, ಎರಡು ತುದಿ ಹಿಡಿದು ಮಟ್ಟ ನೋಡುವಾಗ ಗುರುತು ಹಾಕುವುದು ಸಮವಿಭವದ ಎರಡು ಬಿಂದುಗಳನ್ನೇ. ಮಟ್ಟ ತುಸು ಇಳಿದರೂ ನೀರು ಹರಿಯುತ್ತದೆ. ಹುಣಸೂರಿನ ಹನಗೋಡು ಅಣೆಕಟ್ಟೆಯಿಂದ ಲಕ್ಷ್ಮಣತೀರ್ಥದ ನೀರು ನಾಲೆ ಹಿಡಿದು ಗದ್ದೆ ಸೇರುವುದು ಈ ಇಳುಕಲಿನಿಂದಲೇ.

ಎಚ್.ಡಿ. ಕೋಟೆಯ ಕಬಿನಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ಗಾಳಿ ನಿಂತ ಬೆಳಗಿನಲ್ಲಿ ಅದು ಹಾಸಿದ ಗಾಜಿನಂತೆ ಕಂಡರೂ ಚಪ್ಪಟೆಯಲ್ಲ. ದಡದಿಂದ ನೀರಿನ ಮೈಗೆ ತಾಗಿದಂತೆ ನೇರ ಗೆರೆ ಎಳೆದರೆ, ಒಂದು ಕಿಲೋಮೀಟರ್ ಆಚೆ ನೀರು ಗೆರೆಗಿಂತ ಸುಮಾರು 8 ಸೆಂಟಿಮೀಟರ್ ಕೆಳಗಿರುತ್ತದೆ. ಭೂಮಿಯ ದುಂಡಿಗೆ ತಕ್ಕಂತೆ ಸಮವಿಭವದ ಮೈಯೂ ಬಾಗಿದೆ.

ಭೂಮಿಯ ಒಳಗೆ ಶಿಲೆಯ ಸಾಂದ್ರತೆ ಎಲ್ಲೆಡೆ ಒಂದೇ ಸಮನಾಗಿಲ್ಲದ್ದರಿಂದ ಈ ಮೈಯಲ್ಲಿ ಉಬ್ಬುತಗ್ಗುಗಳೂ ಇವೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ಲೆಕ್ಕದ ಮಟ್ಟಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಭೂಮಿಯ ಕವಚದೊಳಗೆ ಬಿಸಿಯಾಗಿ ಹಗುರಾದ ಶಿಲಾರಾಶಿ ಇದಕ್ಕೆ ಕಾರಣ ಎಂಬ ವಿವರಣೆಯನ್ನು 2023ರಲ್ಲಿ ಮುಂದಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. ಅಷ್ಟು ತಗ್ಗಿದ್ದರೂ ಸುತ್ತಲಿನ ನೀರು ಅಲ್ಲಿಗೆ ಹರಿದು ಬರುವುದಿಲ್ಲ. ನೀರಿನ ಪಾಲಿಗೆ ಅದೂ ಸಮಮಟ್ಟವೇ.