ಗ್ರ್ಯಾಮಿಯಲ್ಲಿ ಎಂಜಿನಿಯರ್‌ಗೂ ಜಾಗವಿದೆ!

ಗ್ರ್ಯಾಮಿ ಅಂದರೆ ಹಾಡುವವರಿಗೆ, ನುಡಿಸುವವರಿಗೆ ಮಾತ್ರ ಅಂದುಕೊಂಡಿದ್ದೀರಾ? ಬೆಂಗಳೂರಿನ ರಿಕ್ಕಿ ಕೇಜ್‌ಗೆ 2023ರಲ್ಲಿ ಮೂರನೇ ಗ್ರ್ಯಾಮಿ ತಂದುಕೊಟ್ಟ ‘ಡಿವೈನ್ ಟೈಡ್ಸ್’ ಆಲ್ಬಂ ಗೆದ್ದಿದ್ದು ಇಮ್ಮರ್ಸಿವ್ ಆಡಿಯೊ ವಿಭಾಗದಲ್ಲಿ. ಕೇಳುಗರ ಸುತ್ತಲಿಂದಲೂ ದನಿ ಬರುವಂತೆ ಹದವಾಗಿ ಬೆರೆಸುವ ಕೆಲಸಕ್ಕೆ ಕೊಡುವ ಪ್ರಶಸ್ತಿಯದು. ಹಾಗಾಗಿ ರಿಕ್ಕಿ, ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆ ಮಿಕ್ಸ್ ಎಂಜಿನಿಯರ್ ಎರಿಕ್ ಶಿಲ್ಲಿಂಗ್ ಕೂಡ ವಿಜೇತರು. ಅಂದಹಾಗೆ, ರಿಕ್ಕಿ ಓದಿದ್ದು ದಂತವೈದ್ಯಕೀಯ!

ನಾನು ಎಲೆಕ್ಟ್ರಾನಿಕ್ಸ್ ಬಿ.ಇ. ವಿದ್ಯಾರ್ಥಿ. ‘ಕೀಬೋರ್ಡ್ ನುಡಿಸಿದರೆ ಹೊಟ್ಟೆ ತುಂಬುತ್ತಾ?’ ಅನ್ನೋ ಅಪ್ಪನ ಪ್ರಶ್ನೆ ಕ್ಯಾಂಪಸ್ ಸಂದರ್ಶನ ಹತ್ತಿರವಾದಂತೆ ಜೋರಾಗುತ್ತಿದೆ. ಆದರೆ ನಮ್ಮ ಪಠ್ಯದಲ್ಲಿರುವ ಫಿಲ್ಟರ್, ಫೋರಿಯರ್ ಸೂತ್ರಗಳೇ ದನಿ ಮಿಶ್ರಣಕ್ಕೂ ಬುನಾದಿ. ಅದಕ್ಕೇ ಹೇಳಿದ್ದೇನೆ: ಡಿಗ್ರಿ ಬಿಡಲ್ಲ, ಕೀಬೋರ್ಡ್ ಮಾರಲ್ಲ, ಫೈನಲ್ ಇಯರ್ ಪ್ರಾಜೆಕ್ಟ್ ದನಿಯ ಮೇಲೆಯೇ. ಅಪ್ಪ ‘ಹೂಂ’ ಅಂದಿಲ್ಲ. ‘ಬೇಡ’ ಅಂತಲೂ ಅಂದಿಲ್ಲ.